ಶಿಶಿರದಲ್ಲಿ ನಿದ್ದೆಗೆಟ್ಟ ತೋಟಗಾರ

ಹಿಮ ಬೀಳುವ ನಾಡುಗಳ ತೋಟಗಳಲ್ಲಿ ಬದುಕುವ ಜೀವಿಗಳೆಲ್ಲವೂ ಚಳಿಗಾಲವನ್ನು ದಾಟುವುದಕ್ಕೆ ತಮ್ಮ ಯೋಗ್ಯತೆಗೆ ತಕ್ಕ ಉಪಾಯವೊಂದನ್ನು ಕಂಡುಕೊಂಡಿವೆ. ಸೇಬಿನ ಮರವು ಎಲೆ ಉದುರಿಸಿ ಮೊಗ್ಗುಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಟ್ಯುಲಿಪ್ ಗಿಡವು ತನ್ನ ಆಸ್ತಿಪಾಸ್ತಿಯನ್ನೆಲ್ಲ ಮಣ್ಣಿನೊಳಗಿನ ಗಡ್ಡೆಗೆ ಸಾಗಿಸಿ ಮೇಲಿನ ವ್ಯವಹಾರವನ್ನು ನಿಲ್ಲಿಸಿಬಿಡುತ್ತದೆ, ಅಳಿಲಿನ ಕುಟುಂಬಕ್ಕೆ ಸೇರಿದ ಗ್ರೌಂಡ್‌ಹಾಗ್ ಎಂಬ ದಢೂತಿ ಪ್ರಾಣಿಯು ಬೇಸಿಗೆಯಲ್ಲಿ ಕೂಡಿಸಿಕೊಂಡ ಕೊಬ್ಬನ್ನೇ ನೆಚ್ಚಿಕೊಂಡು ಬಿಲದೊಳಗೆ ತಿಂಗಳುಗಟ್ಟಲೆ ಮಲಗುತ್ತದೆ. ಬೆಳವಣಿಗೆಯನ್ನು ನಿಲ್ಲಿಸಿ, ಉಸಿರಾಟವನ್ನು ತೀರ ಕಡಿಮೆ ಮಾಡಿಕೊಂಡು, ಕಾಲ ಅನುಕೂಲವಾಗುವವರೆಗೆ ಸುಮ್ಮನಿರುವ ಸಸ್ಯಗಳ ಈ ಸ್ಥಿತಿಗೆ ಶಾಸ್ತ್ರದಲ್ಲಿ ಸುಪ್ತಾವಸ್ಥೆ ಎಂದು ಹೆಸರು. ಈ ಸೌಲಭ್ಯವಿಲ್ಲದೆ ಹುಟ್ಟಿದ ತೋಟದ ಜೀವಿ ತೋಟಗಾರನೊಬ್ಬನೇ. ನವೆಂಬರಿನಲ್ಲಿ ನೆಲ ಹೆಪ್ಪುಗಟ್ಟಿದ ದಿನದಿಂದ ಮೇ ತಿಂಗಳವರೆಗೆ ಅವನು ಪೂರ್ತಿ ಎಚ್ಚರವಾಗಿಯೇ ಇರುತ್ತಾನೆ, ಮತ್ತು ಹಿಮನಾಡಿನ ತೋಟಗಾರಿಕೆಯ ಬಹುಪಾಲು ಅನಾಹುತಗಳಿಗೆ ಮೂಲಕಾರಣ ಇದೇ ಎಂದು ತೋರುತ್ತದೆ.

ಈ ಜೀವಿಯ ಅಧ್ಯಯನಕ್ಕೆ ಅಮೆರಿಕದ ಉತ್ತರದ ಅಂಚಿನಲ್ಲಿರುವ ಮಿನ್ನೆಸೋಟ ರಾಜ್ಯ, ಅದರಲ್ಲಿಯೂ ಮಿಸ್ಸಿಸ್ಸಿಪ್ಪಿ ನದಿಯ ದಂಡೆಯ ಮಿನಿಯಾಪೊಲಿಸ್ ನಗರ, ಬಹಳ ಅನುಕೂಲವಾದ ಕ್ಷೇತ್ರ. ಅಲ್ಲಿ ಜನವರಿಯ ರಾತ್ರಿಗಳ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 13 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ, ಡಿಸೆಂಬರ್ ಕೊನೆಯ ಹಗಲುಗಳು ಒಂಬತ್ತು ಗಂಟೆಯನ್ನೂ ಮುಟ್ಟುವುದಿಲ್ಲ, ವರ್ಷವೊಂದರಲ್ಲಿ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಸರಾಸರಿ 130 ಸೆಂಟಿಮೀಟರಿನಷ್ಟಾಗುತ್ತದೆ. 1991ರಲ್ಲಿ ಅಕ್ಟೋಬರ್ 31ರಂದೇ ಆರಂಭವಾದ ಹಿಮಪಾತವೊಂದು ನವೆಂಬರ್ 3ರವರೆಗೆ ಸುರಿದು ನಗರದ ಮೇಲೆ 28 ಇಂಚು ಹಿಮವನ್ನು ಪೇರಿಸಿತು. 2018ರಲ್ಲಿ ಏಪ್ರಿಲ್ ನಡುಭಾಗ ಬಂದಮೇಲೂ ಒಂದೇ ಸಲಕ್ಕೆ ಒಂದು ಅಡಿಗಿಂತ ಹೆಚ್ಚು ಹಿಮ ಬಿತ್ತು. ಡಿಸೆಂಬರಿನ ಹದಿನೈದು ಡಿಗ್ರಿಗೇ ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರಲು ಹೊರಡುವ ಬೆಂಗಳೂರಿನ ಓದುಗರು ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳುವುದು ಒಳ್ಳೆಯದು. ಆ ರಾಜ್ಯದ ಕಟ್ಟಡ ನಿಯಮಗಳ ಪ್ರಕಾರ ಮನೆಯ ತಳಪಾಯವು ದಕ್ಷಿಣದ ಜಿಲ್ಲೆಗಳಲ್ಲಿ 42 ಇಂಚು, ಉತ್ತರದ ಜಿಲ್ಲೆಗಳಲ್ಲಿ 60 ಇಂಚು ಆಳಕ್ಕೆ ಇಳಿದಿರಬೇಕು, ಏಕೆಂದರೆ ನೆಲದೊಳಗಿನ ನೀರು ಅಷ್ಟು ಆಳದವರೆಗೆ ಗಡ್ಡೆಕಟ್ಟಿ ಉಬ್ಬಿ ಗೋಡೆಗಳನ್ನೇ ಎತ್ತಿಬಿಡಬಹುದು. ಅಂಥ ನೆಲದ ಮುಂದೆ ಗುದ್ದಲಿ ಹಿಡಿದು ನಿಂತವನಿಗೆ ಗುದ್ದಲಿಯನ್ನು ಮತ್ತೆ ಗೋಡೆಗೆ ಒರಗಿಸುವುದನ್ನು ಬಿಟ್ಟು ಬೇರೆ ದಾರಿಯಿರುವುದಿಲ್ಲ.

ಕೆಲಸವಿಲ್ಲದ ತೋಟಗಾರನನ್ನು ಕುರಿತ ಗಂಭೀರ ಸಾಹಿತ್ಯಕ್ಕೆ ಕೊರತೆಯಿಲ್ಲ. ಯಂತ್ರಮಾನವರ ನಾಟಕದಿಂದ ಜಗತ್ಪ್ರಸಿದ್ಧನಾದ ಜೆಕ್ ಲೇಖಕ ಕಾರೆಲ್ ಚಾಪೆಕ್, ಪ್ರಾಗ್ ನಗರದ ತನ್ನ ಮನೆಯ ಹಿತ್ತಲನ್ನು ಆಧಾರವಾಗಿಟ್ಟುಕೊಂಡು ತೋಟಗಾರನ ಹನ್ನೆರಡು ತಿಂಗಳುಗಳ ಚೇಷ್ಟೆಗಳನ್ನು ಕುರಿತು ಬರೆದ ಪುಸ್ತಕ 1929ರಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರ ಬರೆದವನು ಅಣ್ಣ ಯೋಸೆಫ್. ಅಮೆರಿಕದಲ್ಲಿ ನ್ಯೂಯಾರ್ಕರ್ ವಾರಪತ್ರಿಕೆಯ ಸಂಪಾದಕಿಯಾಗಿದ್ದ ಕ್ಯಾಥರೀನ್ ವೈಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1958ರ ಮಾರ್ಚ್ 1ರ ಸಂಚಿಕೆಯಿಂದ ಆರಂಭಿಸಿ, ಬೀಜ ಮಾರುವ ಕಂಪನಿಗಳ ಕ್ಯಾಟಲಾಗುಗಳನ್ನು ಕಾದಂಬರಿ, ಕವನಸಂಕಲನಗಳಂತೆಯೇ ವಿಮರ್ಶೆಗೆ ಎತ್ತಿಕೊಂಡರು. ಯಾವ ಕಂಪನಿಯ ಗದ್ಯ ಶೈಲಿ ಚೆನ್ನಾಗಿದೆ, ಯಾವುದರ ಲೇಖಕ ವಿಶೇಷಣಗಳನ್ನು ಅತಿಯಾಗಿ ಬಳಸುತ್ತಾನೆ, ಯಾವುದರ ವರ್ಣನೆಯನ್ನು ನಂಬಬಹುದು ಎಂಬುದನ್ನೆಲ್ಲ ಅವರು ಬಹಳ ಶ್ರದ್ಧೆಯಿಂದ ಚರ್ಚಿಸಿದರು, ಆ ಲೇಖನಗಳು 1979ರಲ್ಲಿ ಪುಸ್ತಕವಾಗಿಯೂ ಬಂದವು. ಬೀಜದ ಕ್ಯಾಟಲಾಗಿಗೆ ಸಾಹಿತ್ಯಕೃತಿಯ ಸ್ಥಾನ ಕೊಡುವ ಆಲೋಚನೆ ಬೇಸಿಗೆಯಲ್ಲಿ ಯಾರಿಗೂ ಹೊಳೆಯುವಂಥದ್ದಲ್ಲ. ಲೇಖನಮಾಲೆ ಮಾರ್ಚ್ ಆರಂಭದಲ್ಲಿ ಮೊದಲಾದದ್ದು ಕಾಕತಾಳೀಯವೆಂದು ನಂಬುವುದು ಕಷ್ಟ.

ಕ್ಯಾಟಲಾಗು ಎಂಬುದು ಬೀಜ, ಗಡ್ಡೆ, ಸಸಿಗಳ ಬಣ್ಣದ ಚಿತ್ರಗಳನ್ನೂ ಬೆಲೆಯನ್ನೂ ಗುಣವರ್ಣನೆಯನ್ನೂ ಒಳಗೊಂಡ ಮಾರಾಟದ ಪುಸ್ತಕ. ಫಿಲಡೆಲ್ಫಿಯದಲ್ಲಿ 1876ರಲ್ಲಿ ಹುಟ್ಟಿದ ಬರ್ಪೀ ಕಂಪನಿಯಂಥ ಹಳೆಯ ಮನೆತನಗಳು ಇದನ್ನು ಅಂಚೆಯಲ್ಲಿ ಕಳುಹಿಸುವ ಕಾಲವನ್ನು ಮನಶ್ಶಾಸ್ತ್ರಜ್ಞರೂ ಮೆಚ್ಚುವಂತೆ ಆರಿಸಿಕೊಂಡಿವೆ: ವರ್ಷದ ಅತಿ ಚಿಕ್ಕ ಹಗಲು ಕಳೆದು, ಕ್ರಿಸ್ಮಸ್ಸಿನ ದೀಪಗಳು ಆರಿ, ಮುಂದಿನ ಮೂರು ತಿಂಗಳಲ್ಲಿ ನಿರೀಕ್ಷಿಸುವುದಕ್ಕೆ ಏನೂ ಉಳಿದಿಲ್ಲವೆಂದು ಮನುಷ್ಯನಿಗೆ ಅರಿವಾಗುವ ವಾರದಲ್ಲಿ ಅದು ಬಾಗಿಲಿಗೆ ಬರುತ್ತದೆ. ಕ್ಯಾಟಲಾಗಿನ ಭಾಷೆಯನ್ನು ಕನ್ನಡಿಗರಿಗೆ ವಿವರಿಸಲು ಹೆಚ್ಚು ಶ್ರಮ ಬೇಕಿಲ್ಲ, ಏಕೆಂದರೆ ಅದು ಗಂಡಿನ ಕಡೆಯ ಮಧ್ಯಸ್ಥರು ಹೆಣ್ಣಿನ ಮನೆಯಲ್ಲಿ ಕುಳಿತು ಆಡುವ ಭಾಷೆಯೇ ಆಗಿದೆ. ‘ಹುರುಪಿನ ಬೆಳವಣಿಗೆ’ ಎಂದರೆ ನೆರೆಮನೆಯ ಬೇಲಿಯನ್ನೂ ನುಂಗುತ್ತದೆ ಎಂದು ಅರ್ಥ, ‘ಅನುಭವಿ ತೋಟಗಾರರಿಗೆ ಯೋಗ್ಯ’ ಎಂದರೆ ಸಾಯುತ್ತದೆ ಎಂದು ಅರ್ಥ, ‘ಸಾಂಪ್ರದಾಯಿಕ ರುಚಿ’ ಎಂದರೆ ಹಣ್ಣು ಒಡೆದುಹೋಗುತ್ತದೆ ಎಂದು ಅರ್ಥ. ಟೊಮೆಟೊ ತಳಿಗಳ ಹೆಸರಿನ ಮುಂದೆ ಅರವತ್ತೈದು ದಿನ, ಎಪ್ಪತ್ತೆಂಟು ದಿನ ಎಂದು ಅಚ್ಚುಹಾಕುವ ಕೊಯ್ಲಿನ ಅವಧಿಯೂ ಇಂಥದ್ದೇ. ಬೀಜ ಬಿತ್ತಿದ ದಿನದಿಂದಲ್ಲ, ಆರೆಂಟು ವಾರ ಸಾಕಿದ ಸಸಿಯನ್ನು ಹೊರಗಿನ ಪಾತಿಯಲ್ಲಿ ನೆಟ್ಟ ದಿನದಿಂದ ಆ ಲೆಕ್ಕ ಶುರುವಾಗುತ್ತದೆ ಎಂಬ ಸೂಚನೆ ಪುಸ್ತಕದ ಯಾವುದೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಜನವರಿಯ ತೋಟಗಾರ ಸಣ್ಣ ಅಕ್ಷರಗಳನ್ನು ಓದುವುದಿಲ್ಲ. ಅವನು ಕಾಗದದ ಮೇಲೆ ಪಾತಿಗಳ ನಕ್ಷೆ ಬರೆದು, ಆರು ಗಿಡಗಳಿಗೆ ಸ್ಥಳವಿರುವ ಕಡೆ ಹದಿನಾಲ್ಕು ತಳಿಗಳನ್ನು ಕೂರಿಸಿ, ನಕ್ಷೆಗೂ ನೆಲಕ್ಕೂ ಇರುವ ವ್ಯತ್ಯಾಸವನ್ನು ಮೇ ತಿಂಗಳಿಗೆ ಮುಂದೂಡುತ್ತಾನೆ. ಕಳೆಯಿಲ್ಲದ, ಹುಳುವಿಲ್ಲದ, ಮೊಲ ಬಾರದ ಇಂಥ ತೋಟವನ್ನು ಅವನು ವರ್ಷದ ಉಳಿದ ಯಾವ ತಿಂಗಳಲ್ಲಿಯೂ ಮಾಡಿದವನಲ್ಲ.

ಕಾಗದದ ಮೇಲಿನ ಈ ಔದಾರ್ಯಕ್ಕೆ ಸರ್ಕಾರವೇ ಒಂದು ಮಿತಿ ಹಾಕಿದೆ. ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಮೊದಲ ಸಲ ಪ್ರಕಟಿಸಿದ ಸಸ್ಯ ಸಹಿಷ್ಣುತಾ ವಲಯಗಳ ನಕ್ಷೆಯು, ಪ್ರತಿ ಊರಿನಲ್ಲಿಯೂ ವರ್ಷದ ಅತ್ಯಂತ ಚಳಿಯ ರಾತ್ರಿಯ ಉಷ್ಣತೆಯನ್ನು ಹಲವು ವರ್ಷಗಳ ಮೇಲೆ ಸರಾಸರಿ ತೆಗೆದು, ದೇಶವನ್ನು ಹತ್ತು ಹತ್ತು ಫ್ಯಾರನ್‌ಹೀಟ್ ಡಿಗ್ರಿಗಳ ಅಂತರದ ವಲಯಗಳಾಗಿ ಹಂಚುತ್ತದೆ. ಅಂಕಿ ಚಿಕ್ಕದಾದಷ್ಟೂ ಚಳಿ ಹೆಚ್ಚು. 2012ರ ನಕ್ಷೆಯಲ್ಲಿ ನಾಲ್ಕನೆಯ ವಲಯದಲ್ಲಿದ್ದ ಮಿನಿಯಾಪೊಲಿಸ್ 2023ರ ನಕ್ಷೆಯಲ್ಲಿ ಐದನೆಯದಕ್ಕೆ ಬಡ್ತಿ ಪಡೆಯಿತು. ಭೂಮಿ ಬಿಸಿಯಾಗುತ್ತಿರುವುದರ ಈ ದಾಖಲೆಯನ್ನು ಓದಿ ಚಿಂತಿಸಬೇಕಾಗಿದ್ದ ತೋಟಗಾರ, ಚಿಂತಿಸುತ್ತಲೇ, ಆರನೆಯ ವಲಯದ ಪೀಚ್ ಸಸಿಯೊಂದಕ್ಕೆ ಆರ್ಡರ್ ಕೊಟ್ಟನು. ತನ್ನ ಊರು ಇರುವುದಕ್ಕಿಂತ ಒಂದು ವಲಯ ದಕ್ಷಿಣಕ್ಕಿದೆ ಎಂದು ಮನಸಾರೆ ನಂಬುವ ಈ ಪ್ರವೃತ್ತಿ ಹಿಮನಾಡಿನ ತೋಟಗಾರರಲ್ಲಿ ಎಷ್ಟು ವ್ಯಾಪಕವೆಂದರೆ ಅದಕ್ಕೆ ವಲಯ ನಿರಾಕರಣೆ ಎಂಬ ಹೆಸರೇ ರೂಢಿಯಲ್ಲಿದೆ. ನಕ್ಷೆ ಹೇಳುವುದು ಸರಾಸರಿಯನ್ನು, ಆದರೆ ಮರ ಸಾಯುವುದು ಸರಾಸರಿಯಿಂದಲ್ಲ, ಒಂದು ರಾತ್ರಿಯಿಂದ. 2019ರ ಜನವರಿ 30ರಂದು ಮಿನಿಯಾಪೊಲಿಸ್ಸಿನ ಉಷ್ಣತೆ ಸೊನ್ನೆಗಿಂತ 33 ಸೆಲ್ಸಿಯಸ್ ಡಿಗ್ರಿ ಕೆಳಗಿಳಿದಾಗ ನಕ್ಷೆಯ ಯಾವ ಬಣ್ಣವೂ ಯಾವ ಗಿಡವನ್ನೂ ಕಾಪಾಡುವಂತಿರಲಿಲ್ಲ.

ವಲಯ ನಿರಾಕರಣೆಯ ಆದಿಪುರುಷನೆಂದು ಯಾರನ್ನಾದರೂ ಗುರುತಿಸಬೇಕಾದರೆ ಆ ಗೌರವ ಪೀಟರ್ ಗಿಡಿಯನ್ ಎಂಬವನಿಗೆ ಸಲ್ಲಬೇಕು. 1853ರಲ್ಲಿ ಮಿನ್ನೆಟೊಂಕ ಸರೋವರದ ದಂಡೆಗೆ ಬಂದು ನೆಲೆಸಿದ ಈತ, ಸೇಬು ಬೆಳೆಯದ ನಾಡಿನಲ್ಲಿ ಸೇಬು ಬೆಳೆಯಲೇಬೇಕೆಂದು ಹಟ ಹಿಡಿದು ಸಸಿಗಳನ್ನು ನೆಡುತ್ತ ಹೋದ, ಚಳಿಗಾಲಗಳು ಅವುಗಳನ್ನು ಕೊಲ್ಲುತ್ತ ಬಂದವು. ಕೊನೆಗೆ ಕೈಯಲ್ಲಿ ಎಂಟು ಡಾಲರ್ ಮಾತ್ರ ಉಳಿದಿದ್ದ ಒಂದು ವರ್ಷ, ಮೈಗೆ ಚಳಿಯ ಕೋಟಿಲ್ಲದಿದ್ದರೂ, ಆ ಹಣವನ್ನು ಮೈನ್ ರಾಜ್ಯದಿಂದ ಸೇಬಿನ ಬೀಜ ತರಿಸಲು ಕಳುಹಿಸಿದನೆಂದೂ, ಎರಡು ಹಳೆಯ ಒಳಗೋಟುಗಳನ್ನು ಜೋಡಿಸಿ, ಹಳೆಯ ಷರಾಯಿಯ ಕಾಲುಗಳನ್ನು ತೋಳುಗಳಾಗಿ ಹೊಲಿದು, ಆ ಉಡುಪಿನಲ್ಲಿಯೇ ಚಳಿಗಾಲವನ್ನು ಕಳೆದನೆಂದೂ ಮಿನ್ನೆಸೋಟದಲ್ಲಿ ಪ್ರಸಿದ್ಧವಾದ ಕಥೆಯಿದೆ. ಅವನ ಬೀಜಗಳಲ್ಲಿ ಒಂದು ಬದುಕಿತು, ಹಣ್ಣು ಬಿಟ್ಟಿತು, 1868ರಲ್ಲಿ ಅದಕ್ಕೆ ಅವನು ಹೆಂಡತಿಯ ಹೆಸರಾದ ವೆಲ್ತಿ ಎಂಬುದನ್ನೇ ಇಟ್ಟನು. ಆ ಷರಾಯಿಯ ಕಾಲುಗಳನ್ನು ತೋಳುಗಳಾಗಿ ಹೊಲಿದವರು ಯಾರಿರಬಹುದೆಂದು ಊಹಿಸಿದರೆ ಈ ಗೌರವ ಸ್ವಲ್ಪ ತಡವಾಗಿಯೇ ಬಂದಿತೆನಿಸುತ್ತದೆ. ಅದೇ ರಾಜ್ಯದ ವಿಶ್ವವಿದ್ಯಾಲಯವು 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ಸೇಬು ಇಂದು ಜಗತ್ತಿನ ಮಾರುಕಟ್ಟೆಗಳಲ್ಲಿ ಮೆರೆಯುತ್ತಿರುವುದರಿಂದ, ಕೋಟು ಕೊಳ್ಳದೆ ಬೀಜ ಕೊಳ್ಳುವುದೇ ಸರಿಯೆಂಬ ವಾದಕ್ಕೆ ಮಿನ್ನೆಸೋಟದ ತೋಟಗಾರರ ಬಳಿ ಈಗ ಆಧಾರವೂ ಇದೆ.

ಇಷ್ಟೆಲ್ಲ ಶಪಿಸುವ ಚಳಿಯಿಂದಲೇ ತೋಟಗಾರನಿಗೆ ಬೇಕಾದದ್ದೆಲ್ಲ ಹುಟ್ಟುತ್ತದೆ ಎಂಬುದು ಈ ವಿಷಯದ ಅತ್ಯಂತ ಪೇಚಿನ ಭಾಗ. ಟ್ಯುಲಿಪ್ ಗಡ್ಡೆಯೊಳಗಿನ ಹೂವು ಕಾಂಡವನ್ನು ಚಾಚಿ ಮೇಲೇಳಬೇಕಾದರೆ ಹನ್ನೆರಡರಿಂದ ಹದಿನಾರು ವಾರಗಳ ತಂಪು ಬೇಕು. ಅದಿಲ್ಲದೆ ನೆಟ್ಟ ಗಡ್ಡೆ ಮಣ್ಣಿನ ಮಟ್ಟದಲ್ಲಿಯೇ ಕುರುಚಲಾಗಿ ಅರಳಿ ಅಥವಾ ಅರಳದೆ ಮುಗಿದುಹೋಗುತ್ತದೆ. ಸೇಬಿನ ಮರದ ಮೊಗ್ಗಿನೊಳಗೆ ಬೆಳವಣಿಗೆಯನ್ನು ತಡೆದಿಟ್ಟಿರುವ ಒಂದು ವ್ಯವಸ್ಥೆಯಿದೆ, ಹೊರಗೆ ಎಷ್ಟೇ ಬೆಚ್ಚಗಾದರೂ ಒಳಗಿನ ಲೆಕ್ಕ ಪೂರ್ತಿಯಾಗುವವರೆಗೆ ಅದು ಸಡಿಲುವುದಿಲ್ಲ. ಈ ಲೆಕ್ಕವನ್ನು ಶೀತಗಂಟೆಗಳಲ್ಲಿ ಅಳೆಯುತ್ತಾರೆ, ಹಲವು ತಳಿಗಳಿಗೆ ಎಂಟುನೂರರಿಂದ ಸಾವಿರ ಗಂಟೆಗಳು ಬೇಕಾಗುತ್ತವೆ. ಸಾಮಾನ್ಯವಾಗಿ ಬಳಸುವ ಪದ್ಧತಿಯಲ್ಲಿ ಸೊನ್ನೆಯಿಂದ ಏಳು ಸೆಲ್ಸಿಯಸ್ ಡಿಗ್ರಿಯೊಳಗಿನ ಗಂಟೆಗಳು ಮಾತ್ರ ಜಮೆಯಾಗುತ್ತವೆ, ಸೊನ್ನೆಗಿಂತ ಕೆಳಗಿನವು ಲೆಕ್ಕಕ್ಕಿಲ್ಲ. ಎಂದರೆ ಜನವರಿಯಲ್ಲಿ ತೋಟಗಾರನ ಮೀಸೆಯ ಮೇಲೆ ಮಂಜುಗಡ್ಡೆ ಕೂರಿಸಿದ ಆ ಭಯಂಕರ ಗಂಟೆಗಳು ಸೇಬಿನ ಖಾತೆಗೆ ಸೇರುವುದೇ ಇಲ್ಲ, ಅವನು ಪಟ್ಟ ಕಷ್ಟದಿಂದ ಮರಕ್ಕೆ ಕವಡೆಯ ಪ್ರಯೋಜನವಿಲ್ಲ. ಇನ್ನು ರಾಜಚಿಟ್ಟೆಯ ಮರಿಹುಳುಗಳಿಗೆ ಏಕೈಕ ಆಹಾರವಾದ ಮಿಲ್ಕ್‌ವೀಡ್ ಎಂಬ ಕಾಡುಗಿಡದ ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ ಒಂದು ತಿಂಗಳಾದರೂ ತಣ್ಣಗೆ ಇಡಬೇಕು, ಆಗಲೇ ಅದು ಸರಿಯಾಗಿ ಮೊಳೆಯುವುದು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ ಬಿಟ್ಟಿಯಾಗಿ ಬಿದ್ದಿರುವಾಗ ತೋಟಗಾರ ಆ ಬೀಜವನ್ನು ಅಡುಗೆಮನೆಯ ಫ್ರಿಜ್ಜಿನಲ್ಲಿ ಇಡುತ್ತಾನೆ, ಮತ್ತು ಕನ್ನಡಿಗರ ಮನೆಯಾದರೆ ಆ ಒದ್ದೆ ಮರಳಿನ ಚೀಲ ದೋಸೆ ಹಿಟ್ಟಿಗೂ ಪುಳಿಯೋಗರೆ ಗೊಜ್ಜಿಗೂ ನಡುವೆ ಫೆಬ್ರವರಿಯವರೆಗೆ ಕುಳಿತಿರುತ್ತದೆ.

ಹಿಮದ ವಿಷಯದಲ್ಲಿಯೂ ಇದೇ ವಿಪರ್ಯಾಸ. ಹೊಸದಾಗಿ ಬಿದ್ದ ಹಿಮದ ಗಾತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುತ್ತದೆ, ಹೀಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಹೊರಬಿಡದ ಕಾರಣ ಒಂದಡಿ ಹಿಮದ ಕೆಳಗಿನ ಮಣ್ಣು ಬಯಲಿನ ಗಾಳಿಗಿಂತ ಬಹಳ ಬೆಚ್ಚಗಿರುತ್ತದೆ. ಹಿಮವಿಲ್ಲದ ಚಳಿಗಾಲದಲ್ಲಿ ಬೇರುಗಳು ಸಾಯುತ್ತವೆ, ಮಣ್ಣು ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುವಾಗ ಗಿಡಗಳು ಬುಡಸಮೇತ ಮೇಲಕ್ಕೆ ನೂಕಲ್ಪಡುತ್ತವೆ. ಇದನ್ನು ತಿಳಿದ ತೋಟಗಾರ, ನೆರೆಹೊರೆಯವರೆಲ್ಲ ಕಾರಿನ ದಾರಿಯ ಹಿಮವನ್ನು ಬಾಚಿ ಎಲ್ಲಿಯೋ ಎಸೆಯುವಾಗ, ತನ್ನ ಪಾಲಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಪಾತಿಗಳ ಮೇಲೆ ಒಪ್ಪವಾಗಿ ಹರಡುತ್ತಾನೆ. ಹಿಮ ಹೋಗಲಿ ಎಂದು ಹಗಲಿಡೀ ಹಾರೈಸುವವನೇ ಸಾಯಂಕಾಲ ಹಿಮವನ್ನು ಹೊತ್ತು ತಂದು ಸಾಕುವ ಈ ದೃಶ್ಯಕ್ಕೆ ಬೀದಿಯ ಮಕ್ಕಳು ಹೊಂದಿಕೊಂಡಿರುತ್ತಾರೆ. ಆ ಹಿಮದಡಿಯ ಬೆಚ್ಚನೆಯ ಸಂದಿಯಲ್ಲಿ ವೋಲ್ ಎಂಬ ಗಿಡ್ಡ ಬಾಲದ ಇಲಿಗಳು ಸುರಂಗ ಮಾಡಿಕೊಂಡು ಸೇಬಿನ ಮರದ ಬುಡದ ತೊಗಟೆಯನ್ನು ಸುತ್ತಲೂ ಮೆಲ್ಲುತ್ತಿರುತ್ತವೆಂಬುದು ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ಮೊಲಗಳಿಗಂತೂ ಹಿಮದ ರಾಶಿಯೇ ಅಟ್ಟಣಿಗೆಯಾಗುತ್ತದೆ, ಬೇಸಿಗೆಯಲ್ಲಿ ಎಟುಕದ ಎತ್ತರದ ರೆಂಬೆಗಳನ್ನು ಅವು ಅದರ ಮೇಲೆ ನಿಂತು ತಿನ್ನುತ್ತವೆ.

ಗುಲಾಬಿಯ ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಅಧ್ಯಯನ ಅಪೂರ್ಣವಾದೀತು. ಮೃದು ತಳಿಯ ಗುಲಾಬಿಗಳು ಮಿನ್ನೆಸೋಟದ ಚಳಿಯನ್ನು ನಿಂತುಕೊಂಡು ತಡೆಯಲಾರವೆಂದು ಕಂಡುಕೊಂಡ ಅಲ್ಲಿನ ಬೆಳೆಗಾರರು, ಅವುಗಳನ್ನು ಮಲಗಿಸುವ ಪದ್ಧತಿಯೊಂದನ್ನು ರೂಪಿಸಿದರು. ಆ ರಾಜ್ಯದ ಹೆಸರಿನಿಂದಲೇ ಅದು ‘ಮಿನ್ನೆಸೋಟ ಟಿಪ್’ ಎಂದು ಪ್ರಸಿದ್ಧವಾಗಿದೆ. ಅಕ್ಟೋಬರಿನಲ್ಲಿ ಗಿಡದ ಕೊಂಬೆಗಳನ್ನು ಹಗ್ಗದಿಂದ ಕಟ್ಟಿ, ಪಕ್ಕದಲ್ಲಿ ಗಿಡದುದ್ದದ ಹಳ್ಳ ತೋಡಿ, ಒಂದು ಕಡೆಯ ಬೇರುಗಳನ್ನು ಸಡಿಲಿಸಿ, ಗಿಡವನ್ನು ಮೆಲ್ಲಗೆ ಹಳ್ಳಕ್ಕೆ ಒರಗಿಸಿ, ಮೇಲೆ ಮಣ್ಣು ಎಳೆದು, ಮಣ್ಣಿನ ಮೇಲೆ ಒಣ ಎಲೆಗಳನ್ನು ಪೇರಿಸುತ್ತಾರೆ, ಏಪ್ರಿಲ್ ಆರಂಭದಲ್ಲಿ ಅಗೆದು ಎಬ್ಬಿಸುತ್ತಾರೆ. ಮಿನಿಯಾಪೊಲಿಸ್ಸಿನಲ್ಲಿ 1908ರಿಂದ ಇರುವ ಲಿಂಡೇಲ್ ಪಾರ್ಕಿನ ಸಾರ್ವಜನಿಕ ಗುಲಾಬಿ ತೋಟದಲ್ಲಿಯೂ ಈ ಪದ್ಧತಿಯನ್ನು ಅನುಸರಿಸಿದ್ದುಂಟು. ಚೈತ್ರದಲ್ಲಿ ಎದ್ದುಬರುತ್ತದೆಂಬ ಭರವಸೆಯಿಂದ ಜೀವವಿರುವುದನ್ನೇ ಹೂಳುವ ಈ ಕ್ರಿಯೆ, ಆಚೆಮನೆಗೆ ಹೊಸದಾಗಿ ಬಂದವರು ರಾತ್ರಿ ಹೊತ್ತು ಕಿಟಕಿಯಿಂದ ನೋಡುವಂಥದ್ದಲ್ಲ. ತೋಟಗಾರರಿಗೆ ಹಗಲಿನಲ್ಲಿ ಪುರುಸೊತ್ತಿಲ್ಲದಿರುವುದರಿಂದ ಅದು ಹೆಚ್ಚಾಗಿ ಮುಸ್ಸಂಜೆಯ ಮೇಲೆಯೇ ನಡೆಯುತ್ತದೆ.

ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಆಯಾಮ ಸೇರಿಕೊಳ್ಳುತ್ತದೆ. ಅವರ ಕುಂಡಗಳಲ್ಲಿರುವ ಕರಿಬೇವು, ದುಂಡುಮಲ್ಲಿಗೆ, ತುಳಸಿ, ದೊಡ್ಡಪತ್ರೆಗಳಿಗೆ ಹಿಮ ಎಂಬುದು ವಂಶದಲ್ಲಿಯೇ ಗೊತ್ತಿಲ್ಲ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದು, ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಸಣ್ಣ ಕೀಟವೊಂದಕ್ಕೆ ಅದು ಆಶ್ರಯ ಕೊಡುವುದರಿಂದ ಅದನ್ನು ಹೊರದೇಶದಿಂದ ತರಲು ಅಮೆರಿಕದಲ್ಲಿ ನಿರ್ಬಂಧವಿದೆ. ಆದ್ದರಿಂದ ಮನೆಯೊಳಗಿನ ಒಂದು ಕರಿಬೇವಿನ ಗಿಡಕ್ಕೆ ಅಲ್ಲಿ ಸಿಗುವ ಉಪಚಾರವನ್ನು ನೋಡಿದರೆ ಬಾಣಂತಿಯರೂ ಅಸೂಯೆಪಡಬೇಕು. ಅದನ್ನು ದಕ್ಷಿಣದ ಕಿಟಕಿಗೆ ಸರಿಸುತ್ತಾರೆ, ಹೀಟರಿನ ಒಣಗಾಳಿ ತಾಗದಂತೆ ಮರೆ ಕಟ್ಟುತ್ತಾರೆ, ಆದರೂ ಅದು ಹಗಲು ಸಾಲದೆ ಒಂದೊಂದೇ ಎಲೆಯನ್ನು ಉದುರಿಸಿ ಜನವರಿಯ ಹೊತ್ತಿಗೆ ಬರಿ ಕಡ್ಡಿಯಾಗಿ ನಿಲ್ಲುತ್ತದೆ, ಒಗ್ಗರಣೆಗೆ ಬೇಕಾದ ಎರಡು ಎಸಳನ್ನು ಕೇಳುವ ಧೈರ್ಯ ಯಾರಿಗೂ ಉಳಿಯುವುದಿಲ್ಲ. ಅದೇ ವಾರ ಶಿವಮೊಗ್ಗದಿಂದಲೋ ಮೈಸೂರಿನಿಂದಲೋ ಅಮ್ಮನ ಫೋನು ಬರುತ್ತದೆ. ಮನೆಯಲ್ಲಿ ಸೊಗಡಿನ ಅವರೆಕಾಯಿ ಸುಲಿಯುತ್ತಿರುವ ಸುದ್ದಿ, ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಿಬಂದ ಸುದ್ದಿ, ಹಿತ್ತಲಲ್ಲಿ ಕರಿಬೇವಿನ ಮರ ಅತಿಯಾಗಿ ಬೆಳೆದು ಕಾಂಪೌಂಡಿಗೆ ತಾಗುತ್ತಿದೆಯೆಂದು ಅರ್ಧ ಕಡಿಸಿ ಹಾಕಿದ ಸುದ್ದಿ ಒಂದರ ಹಿಂದೆ ಒಂದು ಬರುತ್ತವೆ. ಕೊನೆಯ ಸುದ್ದಿಯನ್ನು ಕೇಳಿದ ಮೇಲೆ ಈ ಕಡೆ ಸ್ವಲ್ಪ ಹೊತ್ತು ಮಾತು ನಿಂತಿರುತ್ತದೆ.

ಇಂಥ ಮನಃಸ್ಥಿತಿಯಲ್ಲಿ ಫೆಬ್ರವರಿ 2 ಬರುತ್ತದೆ. ಪೆನ್ಸಿಲ್ವೇನಿಯ ರಾಜ್ಯದ ಪಂಕ್ಸಟಾನಿ ಎಂಬ ಪಟ್ಟಣದಲ್ಲಿ ಆ ಬೆಳಗ್ಗೆ, ಉದ್ದ ಟೋಪಿ ಧರಿಸಿದ ಗಣ್ಯರು ಗ್ರೌಂಡ್‌ಹಾಗೊಂದನ್ನು ಹೊರಗೆ ತೆಗೆದು ಹಿಡಿಯುತ್ತಾರೆ. ಅದಕ್ಕೆ ತನ್ನ ನೆರಳು ಕಂಡರೆ ಚಳಿಗಾಲ ಇನ್ನೂ ಆರು ವಾರ, ಕಾಣದಿದ್ದರೆ ವಸಂತ ಬೇಗ ಎಂದು ಘೋಷಣೆಯಾಗುತ್ತದೆ. 1887ರಿಂದ ನಡೆದುಬಂದಿರುವ ಈ ಶಕುನಶಾಸ್ತ್ರವನ್ನು ಕುರಿತು ಎರಡು ಆಕ್ಷೇಪಗಳನ್ನು ಎತ್ತಬಹುದು. ಫೆಬ್ರವರಿ 2ಕ್ಕೆ ಆರು ವಾರ ಕೂಡಿಸಿದರೆ ಮಾರ್ಚ್ ನಡುಭಾಗ ಬರುತ್ತದೆ, ಅಷ್ಟರಲ್ಲಿ ಚಳಿಗಾಲ ಮುಗಿಯುತ್ತದೆಂಬುದು ಮಿನ್ನೆಸೋಟದವರ ಕಿವಿಗೆ ಅಪಶಕುನವಲ್ಲ, ನಂಬಲಾಗದ ಶುಭವಾರ್ತೆ. ಎರಡನೆಯದಾಗಿ, ಗ್ರೌಂಡ್‌ಹಾಗ್ ಎಂಬುದು ಬಟಾಣಿ, ಹುರುಳಿಕಾಯಿ, ಲೆಟ್ಯೂಸ್ ಸೊಪ್ಪಿನ ಪಾತಿಗಳನ್ನು ಒಂದೇ ಹಗಲಿನಲ್ಲಿ ಬೋಳಿಸುವ ಪ್ರಾಣಿ. ವಸಂತದ ಮುಹೂರ್ತವನ್ನು ಅದರ ಬಾಯಿಂದಲೇ ಕೇಳುವ ತೋಟಗಾರನಿಗೆ ಹಿತಾಸಕ್ತಿಯ ಸಂಘರ್ಷ ಎಂಬ ತತ್ವದ ಪರಿಚಯವಿಲ್ಲವೆನ್ನಬೇಕು.

ಘೋಷಣೆ ಏನೇ ಆಗಲಿ, ಫೆಬ್ರವರಿಯಲ್ಲಿ ತೋಟಗಾರನ ತಾಳ್ಮೆ ಮುಗಿಯುತ್ತದೆ. ಟೊಮೆಟೊ ಬೀಜವನ್ನು ಕೊನೆಯ ಹಿಮಬೀಳಿನ, ಎಂದರೆ ರಾತ್ರಿಯ ಉಷ್ಣತೆ ಸೊನ್ನೆ ಮುಟ್ಟಿ ಎಳೆಯ ಗಿಡಗಳು ಸುಟ್ಟುಹೋಗುವ ಕೊನೆಯ ದಿನದ, ಆರರಿಂದ ಎಂಟು ವಾರ ಮೊದಲು ಒಳಗೆ ಬಿತ್ತಬೇಕೆಂಬುದು ನಿಯಮ. ಮಿನಿಯಾಪೊಲಿಸ್ಸಿಗೆ ಆ ಲೆಕ್ಕ ಮಾರ್ಚ್ ತಿಂಗಳಿಗೆ ಬರುತ್ತದೆ. ನಿಯಮವನ್ನು ಹೆಂಡತಿ ಬಲ್ಲಳು. “ಅಲ್ರೀ, ಹೊರಗಡೆ ಮೊಣಕಾಲುದ್ದ ಹಿಮ ಬಿದ್ದಿದೆ, ಈಗಲೇ ಟೊಮೆಟೊ ಹಾಕಿದ್ರೆ ಏಪ್ರಿಲ್‌ಗೆ ಅದನ್ನೆಲ್ಲಿ ನಿಲ್ಲಿಸ್ತೀರಾ?” ಎಂಬ ಪ್ರಶ್ನೆಗೆ, ಈ ಸಲ ನಾಲ್ಕೇ ನಾಲ್ಕು ಬೀಜ ಎಂಬ ಉತ್ತರ ಬರುತ್ತದೆ, ನೆಲಮಾಳಿಗೆಯಲ್ಲಿ ಎಪ್ಪತ್ತೆರಡು ಗುಳಿಗಳ ತಟ್ಟೆ ಸದ್ದಿಲ್ಲದೆ ತುಂಬುತ್ತದೆ. ತಟ್ಟೆಯ ಕೆಳಗೆ ಕಾವಿನ ಚಾಪೆ, ಮೇಲೆ ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ಉರಿಯುವ ಎಲ್‌ಇಡಿ ದೀಪಗಳು. ನೆಲಮಾಳಿಗೆಯ ಕಿಟಕಿಯಿಂದ ಹಿಮದ ಮೇಲೆ ಬೀಳುವ ಆ ನೇರಳೆ ಬೆಳಕನ್ನು ನೋಡಿ ನೆರೆಯವರು ಒಳಗೆ ಏನು ಬೆಳೆಯುತ್ತಿರಬಹುದೆಂದು ಬೇರೆಯೇ ಊಹೆ ಮಾಡುವುದುಂಟು. 2023ರಿಂದ ಮಿನ್ನೆಸೋಟದಲ್ಲಿ ವಯಸ್ಕರು ಮನೆಯಲ್ಲಿ ಎಂಟರವರೆಗೆ ಗಾಂಜಾ ಗಿಡ ಬೆಳೆಯುವುದು ಕಾನೂನುಬದ್ಧವಾದ ಮೇಲೆ ಆ ಊಹೆಯಲ್ಲಿ ಅವಮಾನವೂ ಉಳಿದಿಲ್ಲ, ನಿರಪರಾಧಿಯೆಂದು ಸಾಬೀತುಪಡಿಸುವ ಅವಕಾಶವೂ ಉಳಿದಿಲ್ಲ. ಸಸಿಗಳ ಪಾಡು ಹೀಗಾಗುತ್ತದೆ: ದೀಪ ಸ್ವಲ್ಪ ಎತ್ತರದಲ್ಲಿದ್ದರೆ ಅವು ಬೆಳಕನ್ನು ಹುಡುಕುತ್ತ ಬಿಳಿಚಿಕೊಂಡು ಉದ್ದಕ್ಕೆ ಎಳೆಯುತ್ತವೆ, ನೀರು ಸ್ವಲ್ಪ ಹೆಚ್ಚಾದರೆ ಮಣ್ಣಿನಲ್ಲಿರುವ ಶಿಲೀಂಧ್ರಗಳು ಹಾಗೂ ಅವುಗಳನ್ನು ಹೋಲುವ ಸೂಕ್ಷ್ಮಜೀವಿಗಳು ಬುಡವನ್ನು ಕೊಳೆಸಿ, ಸಾಯಂಕಾಲ ನೆಟ್ಟಗಿದ್ದ ಸಾಲನ್ನು ಬೆಳಗಾಗುವುದರೊಳಗೆ ಮಲಗಿಸಿಬಿಡುತ್ತವೆ. ಇವೆರಡನ್ನೂ ದಾಟಿದವು ಮಾರ್ಚ್ ಕೊನೆಗೆ ಹೂ ಬಿಡುತ್ತವೆ, ಹೊರಗೆ ಇನ್ನೂ ಹಿಮ ಇರುತ್ತದೆ.

ಪಂಚಾಂಗದ ಪ್ರಕಾರ ಆಗ ವಸಂತ ಬಂದಾಗಿರುತ್ತದೆ. ಮಾಘ ಫಾಲ್ಗುಣಗಳ ಶಿಶಿರ ಮುಗಿದು ಚೈತ್ರ ಹುಟ್ಟುವ ಯುಗಾದಿಯಂದು ಮಿನಿಯಾಪೊಲಿಸ್ಸಿನ ಕನ್ನಡಿಗರು ಬಾಗಿಲಿಗೆ ಕಾಗದದ ಮಾವಿನೆಲೆಯ ತೋರಣ ಕಟ್ಟಿ, ಪೊಟ್ಟಣದ ಒಣ ಬೇವಿನ ಹೂವನ್ನು ಬೆಲ್ಲದೊಂದಿಗೆ ತಿಂದು, ಹೊಸ ಬಟ್ಟೆಯ ಮೇಲೆ ಹಳೆಯ ಜಾಕೆಟ್ ಹಾಕಿಕೊಂಡು ಕಾರಿನ ಮೇಲಿನ ಹಿಮವನ್ನು ಕೆರೆಯುತ್ತಾರೆ. 2018ರ ಏಪ್ರಿಲ್ ನಡುವಿನ ಆ ದೊಡ್ಡ ಹಿಮಪಾತವಂತೂ ತುಳುನಾಡಿನವರ ಬಿಸು, ಎಂದರೆ ಸೌರಮಾನ ಯುಗಾದಿಯ ದಿನಗಳಲ್ಲಿಯೇ ಸುರಿಯಿತು. ಆ ಹಬ್ಬದಲ್ಲಿ ಹೊಸ ವರ್ಷದ ಬೆಳಗ್ಗೆ ಕಣಿಯಾಗಿ ಇಟ್ಟು ಕಣ್ತುಂಬ ನೋಡಬೇಕಾದದ್ದು ತೋಟದ ಹಣ್ಣು ತರಕಾರಿಗಳನ್ನು.

ಹೊರಗೆ ವಸಂತ ನಿಜವಾಗಿ ಕಾಲಿಡುವುದು ಯಾವ ಕವಿಯೂ ಬಯಸದ ರೂಪದಲ್ಲಿ. ಶಾಲಾ ಶಿಕ್ಷಕಿಯಾಗಿದ್ದ ಎಲೋಯಿಸ್ ಬಟ್ಲರ್ ಅವರ ಪ್ರಯತ್ನದಿಂದ 1907ರಲ್ಲಿ ಮಿನಿಯಾಪೊಲಿಸ್ಸಿನಲ್ಲಿ ಆರಂಭವಾಗಿ ಇಂದು ಅವರ ಹೆಸರಿನಲ್ಲಿಯೇ ಇರುವ ಕಾಡುಹೂಗಳ ಉದ್ಯಾನದಲ್ಲಿ, ಹಿಮ ಇನ್ನೂ ಇರುವಾಗಲೇ ಅದನ್ನು ತೂರಿಕೊಂಡು ಮೇಲೇಳುವ ಮೊದಲ ಹೂವು ಸ್ಕಂಕ್ ಕ್ಯಾಬೇಜ್ ಎಂಬ ಜೌಗುಗಿಡದ್ದು. ಅದು ತನ್ನ ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ಉರಿಸಿ, ಸುತ್ತಲಿನ ಗಾಳಿಗಿಂತ ಹದಿನೈದು ಡಿಗ್ರಿಗೂ ಹೆಚ್ಚು ಬಿಸಿಯಾಗಿ, ತನ್ನ ಸುತ್ತಣ ಹಿಮವನ್ನು ತಾನೇ ಕರಗಿಸಿಕೊಳ್ಳುತ್ತದೆ, ನೊಣಗಳನ್ನು ಕರೆಯುವುದಕ್ಕಾಗಿ ಕೊಳೆತ ಮಾಂಸದ ವಾಸನೆಯನ್ನು ಬೀರುತ್ತದೆ. ಐದು ತಿಂಗಳು ಕಾದ ಜನ ಮಾರ್ಚ್ ತಿಂಗಳ ಕೆಸರಿನಲ್ಲಿ ಬಗ್ಗಿ ಆ ಹೂವಿಗೆ ಮೂಗು ತಾಗಿಸಿ ಸಂತೃಪ್ತಿಯ ಮುಖ ಮಾಡುವುದನ್ನು ನೋಡಿದರೆ ಹಂಬಲದ ಶಕ್ತಿ ಎಂಥದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗುವುದಿಲ್ಲ. ಏಪ್ರಿಲ್ ಎಂಬುದು ಅಲ್ಲಿ ಮುಖ್ಯವಾಗಿ ಕೆಸರಿನ ತಿಂಗಳು. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಬೆರಳಿನಿಂದ ತಟ್ಟಿದಾಗ ಉದುರಿದರೆ ಮಾತ್ರ ಹದ ಬಂದಿದೆಯೆಂದು ತಿಳಿಯಬೇಕು, ಉಂಡೆಯಾಗಿಯೇ ಉಳಿದರೆ ಪಾತಿಯೊಳಗೆ ಕಾಲಿಡಬಾರದು, ಇಟ್ಟರೆ ಮಣ್ಣು ಗಟ್ಟಿಯಾಗಿ ವರ್ಷವಿಡೀ ಕಾಡುತ್ತದೆ ಎಂಬುದನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಪಾತಿಯ ನಡುವೆ ಕಾಣುವ ಬೂಟಿನ ಗುರುತುಗಳು ಕೈಪಿಡಿಗಳನ್ನು ಬಾಯಿಪಾಠ ಮಾಡಿದವರದೇ ಆಗಿರುತ್ತವೆ.

ಒಳಗೆ ಬೆಳೆದ ಸಸಿಗಳನ್ನು ನೇರವಾಗಿ ಹೊರಗೆ ನೆಡುವಂತಿಲ್ಲ. ಗಾಳಿಗೂ ಬಿಸಿಲಿಗೂ ಒಗ್ಗಲೆಂದು ಒಂದು ವಾರದಿಂದ ಹತ್ತು ದಿನಗಳವರೆಗೆ ಅವುಗಳನ್ನು ಬೆಳಗ್ಗೆ ಹೊರಗಿಟ್ಟು ಸಂಜೆ ಒಳಗೆ ತರಬೇಕು, ಈ ಅಭ್ಯಾಸಕ್ಕೆ ಗಡಸುಗೊಳಿಸುವಿಕೆ ಎನ್ನುತ್ತಾರೆ. ಎಪ್ಪತ್ತೆರಡು ಸಸಿಗಳನ್ನು ಹೊತ್ತು ದಿನಕ್ಕೆರಡು ಸಲ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ಸಸಿಗಳಿಗಿಂತ ಮೊದಲು ತೋಟಗಾರನೇ ಗಡಸಾಗುತ್ತಾನೆ. ಮೇ ತಿಂಗಳ ಎರಡನೆಯ ಭಾನುವಾರ, ಅಮೆರಿಕದವರು ತಾಯಂದಿರ ದಿನವೆಂದು ಆಚರಿಸುವ ದಿನ, ಟೊಮೆಟೊ ನೆಡುವುದಕ್ಕೆ ಅಲ್ಲಿ ರೂಢಿಯಾದ ಮುಹೂರ್ತ. ಆ ದಿನ ನೆಡುತ್ತಾರೆ, ನೀರು ಹಾಕುತ್ತಾರೆ, ಫೋಟೊ ತೆಗೆದು ಊರಿಗೆ ಕಳುಹಿಸುತ್ತಾರೆ. ಎರಡು ದಿನ ಕಳೆದ ಮೇಲೆ ಸಂಜೆಯ ವಾರ್ತೆಯಲ್ಲಿ, ಆಕಾಶ ನಿರ್ಮಲವಾಗಿ ಗಾಳಿ ನಿಂತಿರುವುದರಿಂದ ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿ ಬೆಳಗಿನ ಜಾವಕ್ಕೆ ಹಿಮಬೀಳಾಗಬಹುದೆಂಬ ಎಚ್ಚರಿಕೆ ಬರುತ್ತದೆ. ಸಸಿಗಳನ್ನು ಬಟ್ಟೆಯಿಂದ ಮುಚ್ಚಿದರೆ ಮಣ್ಣಿನ ಕಾವು ಒಳಗೇ ಉಳಿದು ಅವು ಬದುಕುತ್ತವೆ ಎಂಬುದು ಪರೀಕ್ಷಿತವಾದ ಉಪಾಯವಾದ್ದರಿಂದ ತೋಟಗಾರ ಕತ್ತಲಾಗುವ ಮೊದಲು ಮನೆಯ ಹಾಸುಹೊದಿಕೆಗಳನ್ನೆಲ್ಲ ಹೊರಗೆ ಸಾಗಿಸುತ್ತಾನೆ: ಮಂಚದ ಮೇಲಿನ ಬೆಡ್‌ಶೀಟುಗಳು, ಮಕ್ಕಳ ರಗ್ಗು, ಹಳೆಯ ಪಂಚೆಗಳು, ಕಡೆಗೆ ಅತ್ತೆಯವರು ಹುಬ್ಬಳ್ಳಿಯಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ ಎರಡು ಸೊಲ್ಲಾಪುರದ ಚಾದರಗಳು. ಪ್ರತಿ ಸಸಿಯನ್ನೂ ಸುತ್ತಿ, ಅಂಚಿಗೆ ಇಟ್ಟಿಗೆ ಹೇರಿ, ಕೈ ತೊಳೆದು ಅವನು ಒಳಗೆ ಬಂದಾಗ ಗಂಟೆ ಹತ್ತಾಗಿರುತ್ತದೆ, ಮಲಗುವ ಕೋಣೆಯ ಬಾಗಿಲಲ್ಲಿ ಹೆಂಡತಿ ನಿಂತಿರುತ್ತಾಳೆ.

“ಟೊಮೆಟೊಗೆಲ್ಲಾ ಹೊದಿಸಿ ಆಯ್ತಲ್ಲ, ಈಗ ನಾವೇನು ಹೊದ್ಕೊಳ್ಳೋದು ಹೇಳ್ರಿ?”

ಈ ಪ್ರಶ್ನೆಯನ್ನು ತೋಟಗಾರಿಕೆಯ ಯಾವ ಕೈಪಿಡಿಯೂ ಇದುವರೆಗೆ ಕೈಗೆತ್ತಿಕೊಂಡಂತಿಲ್ಲ.